ಕೇಳಬಾರದ ಮನೆದೇವರು

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ಮ್ಯಾನೇಜರ್ ಹುಡುಕಿಕೊಂಡು ನಮ್ಮ ಹಾಸನದ ಎಂಬಿಎ ಕಾಲೇಜಿಗೆ ಬಂದರು. ಭೇದಭಾವವಿಲ್ಲದೆ ಆಯ್ಕೆ ಮಾಡುವುದು ಹೇಗೆಂದು ಅಲ್ಲಿ ಪಾಠ ಮಾಡುವವನು ನಾನು. ಜಾತಿ, ಊರು, ತಂದೆಯ ಹೆಸರು ಕೇಳಬಾರದು ಎಂದೆ. ಒಪ್ಪಿದರು.

ಮೊದಲು ಸಂದರ್ಶನಕ್ಕೆ ಬಂದವಳು ನಮ್ಮ ವಿದ್ಯಾರ್ಥಿನಿ ಶಿಲ್ಪಾ. ಇಂಥ ಪ್ರಶ್ನೆಗೆ ಉತ್ತರ ಹೇಳಿಯೇ ಅವಳಿಗೆ ಬೇರೆ ಕಡೆ ಕೆಲಸ ತಪ್ಪಿತ್ತು.

"ನಿಮ್ಮನೆ ದೇವ್ರು ಯಾವ್ದವ್ವಾ?" ಎಂದರು ವ್ಯಾಪಾರಿ.

ನಾನು ಕೆಮ್ಮಿದೆ.

"ಇದೂ ಕೇಳಂಗಿಲ್ವಾ ಸಾ? ಓಗ್ಲಿ, ಅಬ್ಬಕ್ಕೆ ಏನಡುಗೆ ಮಾಡ್ತೀರವ್ವಾ?"

ಮತ್ತೆ ಕೆಮ್ಮಿದೆ.

"ಬಾಯಿಗೇ ಬೀಗ ಆಕ್ಬುಟ್ರಲ್ಲ ಸಾ!"

ಶಿಲ್ಪಾ ಕೇಳಿದಳು: "ನೀವು ಕೊಬ್ರಿ ಎಂಗೆ ನೋಡಿ ತಗೊಳ್ತೀರಾ ಸಾ?"

"ಕಾಯಿ ಅಲ್ಲಾಡ್ಸಿ ಸದ್ದು ಕೇಳ್ತೀನಿ ಕಣವ್ವ."

"ತ್ವಾಟದೋರ ಮನೆದೇವ್ರು ಕೇಳಲ್ವಾ?"

ವ್ಯಾಪಾರಿ ಹೊಟ್ಟೆ ಕುಣಿಯುವಂತೆ ನಕ್ಕರು. ಆಮೇಲೆ ಸರಕು, ಲಾರಿ, ಮಾರುಕಟ್ಟೆಯ ಬಗ್ಗೆಯೇ ಕೇಳಿದರು. ಕೆಲಸ ಅವಳಿಗೆ ಸಿಕ್ಕಿತು.

ಮೆಟ್ಟಿಲಿಳಿಯುವಾಗ ವ್ಯಾಪಾರಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಓಗ್ಲಿ ಸಾ, ನಿಮ್ಮನೆ ದೇವ್ರು ಯಾವ್ದು?"

ನಾನು ಕೆಮ್ಮಿದೆ.