ಹೊಸ ಡಯಲೈಸರ್‌ಗೆ ಹಳೆಯ ಎಣಿಕೆ

ಕೊರೊನಾ ತಣ್ಣಗಾದ ಮರುವರ್ಷ ನಾನು ಕಲಬುರಗಿಯ ಸಣ್ಣದೊಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಡೇಟಾಬೇಸ್ ಎಂಜಿನಿಯರ್ ಆಗಿದ್ದೆ. ಆಫೀಸು ಸ್ಟೇಶನ್ ಬಜಾರದಲ್ಲಿ, ಲಾಡ್ಜೊಂದರ ಮೇಲಿನ ಮಹಡಿಯಲ್ಲಿ. ಹೆಸರಿಗೆ ಎಂಜಿನಿಯರ್, ಬೇರೆಯವರು ಅರ್ಧಕ್ಕೆ ಬಿಟ್ಟುಹೋದದ್ದಕ್ಕೆ ತೇಪೆ ಹಚ್ಚುವುದೇ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿ ಸಾಕುಸಾಕಾಗಿತ್ತು.

ನಮ್ಮ ಗಿರಾಕಿಗಳಲ್ಲಿ ಒಂದು ಡಯಾಲಿಸಿಸ್ ಸಂಸ್ಥೆ. ಅದರ ಒಂದು ಕೇಂದ್ರ ಕಲಬುರಗಿಯಲ್ಲಿ, ಇನ್ನೊಂದು ಕಮಲಾಪುರದಲ್ಲಿ. ರಕ್ತ ಸೋಸುವ ಕೊಳವೆಗೆ ಡಯಲೈಸರ್ ಎನ್ನುತ್ತಾರೆ. ಒಬ್ಬ ರೋಗಿಯದನ್ನು ತೊಳೆದು ಅದೇ ರೋಗಿಗೆ ಮತ್ತೆ ಬಳಸುತ್ತಾರೆ. ಅಲ್ಲಿಯ ನಿಯಮದಂತೆ ಎಂಟು ಸಲ, ಆಮೇಲೆ ಎಸೆಯಬೇಕು. ಆಮೇಲೂ ಬಳಸಿದರೆ ರಕ್ತ ಸರಿಯಾಗಿ ಸೋಸುವುದಿಲ್ಲ. ಈ ಸಲಗಳನ್ನು ಎಣಿಸಲು ಒಂದು ಕೌಂಟರ್ ಟೇಬಲ್ ಇತ್ತು, ಎರಡೂ ಊರಿನ ಸರ್ವರ್‌ಗಳಲ್ಲಿ ಅದರ ಪ್ರತಿ. ಯಾವ ಎಣಿಕೆ ಯಾರದೆಂದು ಗುರುತಿಸುವ ಕೀಯಲ್ಲಿ ಎರಡು ಭಾಗ: ರೋಗಿಯ ಸಂಖ್ಯೆ, ಡಯಲೈಸರ್ ಇಡುವ ಗೂಡಿನ ಸಂಖ್ಯೆ. ಹೀಗೆ ಕೂಡಿಸಿ ಮಾಡಿದ್ದಕ್ಕೆ ಕಾಂಪೊಸಿಟ್ ಕೀ ಎನ್ನುತ್ತೇವೆ.

ಒಂದು ಬೆಳಗ್ಗೆ ಕಮಲಾಪುರದ ಡಯಾಲಿಸಿಸ್ ಟೆಕ್ನಿಷಿಯನ್ ಶಿವಲೀಲಾ ಫೋನ್ ಮಾಡಿದಳು. "ಮೇಡಂ, ಮಹಬೂಬ್ ಸಾಬರಿಗೆ ಹೊಸಾ ಡಯಲೈಸರ್ ತಗದೀನ್ರಿ, ಪಾಕೀಟ ಈಗ ಒಡದೀನಿ. ಕಂಪ್ಯೂಟರ್ ಮಾತ್ರ ಎಂಟ ಸಲ ಆಗ್ಯದ, ಒಗೀರಿ ಅನ್ನಾಕತ್ತದ. ಮಷಿನ್ ಚಾಲೂ ಮಾಡಾಕ ಬಿಡವಲ್ದು. ಸಾಬರಿಗೆ ದಮ್ಮ ಹತ್ಯದ್ರಿ."

ಮಹಬೂಬ್ ಸಾಬರು ಕಮಲಾಪುರದ ದರ್ಜಿ. ಮೊಮ್ಮಗಳ ಮದುವೆಯೆಂದು ಹಿಂದಿನ ಸರದಿಯನ್ನು ತಪ್ಪಿಸಿಕೊಂಡಿದ್ದರು, ಮೈಯಲ್ಲಿ ನೀರು ತುಂಬಿತ್ತು. ಕಲಬುರಗಿಗೆ ಕರೆಸೋಣವೆಂದರೆ ಇಲ್ಲಿ ಸಂಜೆಯವರೆಗೆ ಒಂದೂ ಯಂತ್ರ ಖಾಲಿ ಇರಲಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಡಯಲೈಸರ್ ಎಸೆದಾಗ ಪ್ರೋಗ್ರಾಮು ಅದರ ಎಣಿಕೆಯನ್ನು ಅಳಿಸಿ, ಹೊಸದಕ್ಕೆ ಅದೇ ಗೂಡು, ಅದೇ ಕೀ ಕೊಡುತ್ತಿತ್ತು. ಹೀಗೆ ಹಲವು ಸರ್ವರ್‌ಗಳಲ್ಲಿ ಪ್ರತಿ ಇಡುವ ಆ ಬಗೆಯ ಡೇಟಾಬೇಸಿನಲ್ಲಿ ಕೌಂಟರಿಗೆ ಕೂಡಿಸಬಹುದು, ಕಳೆಯಬಹುದು. ಸೊನ್ನೆ ಎಂದು ಬರೆಯಲಾಗದು. ಅಳಿಸಿದ ಕೀಯನ್ನೇ ಮತ್ತೆ ಬಳಸಿದರೆ ಇನ್ನೊಂದು ಸರ್ವರಿನಲ್ಲಿ ಉಳಿದ ಹಳೆಯ ಎಣಿಕೆ ತಿರುಗಿ ಬಂದೀತು. ಬಂದಿತ್ತು. ಅಷ್ಟು ದಿನ ಸುಮ್ಮನಿದ್ದದ್ದೇ ನಮ್ಮ ಪುಣ್ಯ.

ಮ್ಯಾನೇಜರ್ ಹೇಳಿದ, "ಎಂಟು ಮೈನಸ್ ಹೊಡೀರಿ ಮೇಡಂ, ಅಲ್ಲಿಗೆ ಮುಗೀತಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. "ಕಮಲಾಪುರದ ನೆಟ್ ಲೈನ್ ಕಡ್ಕೊಂಡು ಕಡ್ಕೊಂಡು ಬರಾಕತ್ತದ. ಮೈನಸ್ ಒಂದ ಸಲ ಬಿತ್ತೋ ಎರಡ ಸಲ ಬಿತ್ತೋ ಯಾರಿಗಿ ಗೊತ್ತಾಗ್ತದ್ರಿ? ಎರಡ ಸಲ ಬಿದ್ರ ಎಣಿಕಿ ಸೊನ್ನಿಗಿಂತ ಎಂಟ ಕೆಳಗ ಹೋಗ್ತದ, ಸವದ ಡಯಲೈಸರ್ ಮತ್ತ ಎಂಟ ಸಲ ಆ ಮನಷ್ಯಾನ ರಕ್ತಕ್ಕ ಹಚ್ಚತಾರ. ಕಾರ್ ಕೊಡ್ರಿ, ನಾ ಹೋಗ್ತೀನಿ."

ಕೀ ಹೊಸದಾದರೆ ಎಣಿಕೆ ಸೊನ್ನೆಯಿಂದಲೇ ಶುರು. ಯಾರೂ ಎಂದೂ ಬಳಸದ ಗೂಡೊಂದನ್ನು ಸಾಬರ ಹೆಸರಿಗೆ ತೆರೆಯುವುದು ಆ ಹೊತ್ತಿಗೆ ಸಾಕಿತ್ತು. ಆ ಅಧಿಕಾರ ನನ್ನ ಲಾಗಿನ್‌ಗೆ ಮಾತ್ರ ಇತ್ತು, ಲೈನ್ ನೆಚ್ಚುವಂತಿಲ್ಲದ್ದರಿಂದ ಅಲ್ಲಿಯ ಸರ್ವರ್ ಮುಂದೆಯೇ ಕೂತು ಮಾಡಬೇಕಿತ್ತು.

ನಾನು ಕಮಲಾಪುರ ಮುಟ್ಟಿದಾಗ ಸಾಬರು ಮಲಗಲಾರದೆ ಹಾಸಿಗೆಯ ಅಂಚಿಗೆ ಬಾಗಿ ಕೂತಿದ್ದರು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು. "ಕಂಪ್ಯೂಟರ್ ನನಗ... ಒಲ್ಲೆ ಅಂತೇನ್, ಬೇಟಿ?"

"ನಿಮಗಲ್ರೀ ಸಾಬರ, ಅದಕ್ಕ ಲೆಕ್ಕ ಬರವಲ್ದು," ಎಂದೆ. ಹೊಸ ಗೂಡು ತೆರೆದೆ. ಪರದೆಯ ಮೇಲೆ ಸೊನ್ನೆ ಬಂತು, ಶಿವಲೀಲಾ ಸೂಜಿ ಹಾಕಿದಳು, ಯಂತ್ರ ತಿರುಗತೊಡಗಿತು. ನಾನು ಬ್ಯಾಗ್ ಹೆಗಲಿಗೆ ಹಾಕಿದೆ.

"ಮುಗಿಯೂತನಾ ಹೋಗಬ್ಯಾಡ ಬೇಟಿ," ಸಾಬರು ನನ್ನ ದುಪಟ್ಟಾದ ಸೆರಗು ಹಿಡಿದಿದ್ದರು. "ನೀ ಹೋದ ಮ್ಯಾಲ ಅದು ಮತ್ತ ಒಲ್ಲೆ ಅಂದ್ರ?"

ಯಂತ್ರ ಇನ್ನು ನಿಲ್ಲುವುದಿಲ್ಲ, ನಾನಿದ್ದರೂ ಇಲ್ಲದಿದ್ದರೂ ಒಂದೇ ಎಂದು ಬಗೆಬಗೆಯಾಗಿ ಹೇಳಿದೆ. ಸೆರಗು ಬಿಡಲೊಲ್ಲರು! ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಸೊಂಟ ಹಿಡಿದುಕೊಂಡಿತ್ತು. ಎಂಥ ಕರ್ಮವಪ್ಪಾ ಎಂದುಕೊಂಡು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತೆ. ಶಿವಲೀಲಾ ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ, ಪುಂಡಿಪಲ್ಯ ಕೊಟ್ಟಳು.

ಕೂತಲ್ಲೇ ಟೇಬಲ್ಲಿನ ಹೊಸ ವಿನ್ಯಾಸ ಬರೆದೆ. ಕೀಗೆ ಮೂರನೆಯ ಭಾಗವಾಗಿ ಪಾಕೀಟಿನ ಮೇಲೆ ಅಚ್ಚಾದ ಕ್ರಮಸಂಖ್ಯೆಯನ್ನು ಸೇರಿಸಿದೆ. ಇನ್ನು ಮೇಲೆ ಪ್ರತಿ ಡಯಲೈಸರಿಗೂ ಅದರದ್ದೇ ಎಣಿಕೆ. ಹಳೆಯದನ್ನು ಅಳಿಸುವ ಗೊಡವೆಯೇ ಇಲ್ಲ. ಅಷ್ಟರಲ್ಲಿ ಸಾಬರು ಉಸಿರು ಹದಕ್ಕೆ ಬಂದು, ಸೆರಗು ಬಿಟ್ಟು, ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಎದ್ದು ಹೋಗಬಹುದಿತ್ತು. ಯಾಕೋ ಕಾಲು ಬರಲಿಲ್ಲ.

ನಾಲ್ಕು ತಾಸಾದ ಮೇಲೆ ಸೂಜಿ ತೆಗೆಯುವಾಗ ಸಾಬರಿಗೆ ಎಚ್ಚರವಾಯಿತು. ನನ್ನನ್ನು ನೋಡಿ ಅವರ ಕಣ್ಣು ತುಂಬಿತು. "ಅರೆ, ಖರೇನೇ ಕುಂತಿದ್ದೇನ್ ಬೇಟಿ?"

ಅಂದಿನಿಂದ ಟೇಬಲ್ ಮಾಡುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಎಣಿಸುತ್ತಿರುವುದು ವಸ್ತುವನ್ನೋ, ಅದು ಕೂತ ಜಾಗವನ್ನೋ? ಇದನ್ನು ಹೊಸಬರಿಗೂ ಕಲಿಸುತ್ತೇನೆ, ಬೇಗ ಕಲಿಯುತ್ತಾರೆ. ಇನ್ನೊಂದನ್ನು ಕಲಿಸುವುದು ಕಷ್ಟ. ಪರದೆಯ ಮೇಲೆ ಸೊನ್ನೆ ಬಂದ ಕೂಡಲೇ ನಮ್ಮ ಕೆಲಸ ಆಯಿತೆಂದು ನಾವು ಬ್ಯಾಗ್ ಎತ್ತುತ್ತೇವೆ. ಹಾಸಿಗೆಯ ಮೇಲಿರುವವರಿಗೆ ಆ ಕೆಲಸ ಮುಗಿಯುವುದು ಸೂಜಿ ತೆಗೆದ ಮೇಲೆ.