ಟವೆಲ್ ಕೆಳಗೆ ಮಾತು ಕಲಿಸಿದ ಬೀರಪ್ಪ

ಇಲ್ಲ... ಇದು ಬೇರೆ ಯಾರೋ ಬೀರಪ್ಪ ಇರಬೇಕು.

ಬೆಳಿಗ್ಗೆ ಗ್ರೂಪಿನಲ್ಲಿ ಮೆಸೇಜ್ ಬಂದಾಗ ಹಾಗೇ ಅಂದುಕೊಂಡೆ.
ಮಿರಜದ ಆಸ್ಪತ್ರೆಯಲ್ಲಿ ಬೀರಪ್ಪ ಸರ್ ತೀರಿಕೊಂಡರು ಅಂತ.
ಕೆಳಗೆ ಒಬ್ಬೊಬ್ಬರೇ ಕೈ ಮುಗಿದ ಇಮೋಜಿ ಹಾಕುತ್ತಿದ್ದರು.
ನಾನು ಅವನ ನಂಬರಿಗೇ ಫೋನ್ ಮಾಡಿದೆ...
ಎತ್ತಿದ್ದು ಅವನ ಹೆಂಡತಿ.
“ಭಾವೋಜಿ, ಬರ್ರಿ” ಅಂದರು. ಅಷ್ಟೇ.

ಸಾಂಗ್ಲಿ-ಮಿರಜದಲ್ಲಿ ನನ್ನನ್ನು ಬಲ್ಲವರಿಗೆ ಗೊತ್ತು.
ಮದುವೆ, ದುಕಾನಿನ ಓಪನಿಂಗ್, ರಿಟೈರ್‌ಮೆಂಟ್, ಶೋಕಸಭೆ... ಎಲ್ಲಿ ಮೈಕು ಇದೆಯೋ ಅಲ್ಲಿ ನಾನು.
ಹೂವಿನ ಹಾರಕ್ಕಿಂತ ಮೊದಲು ನನ್ನನ್ನು ಬುಕ್ ಮಾಡುತ್ತಾರೆ.
ಈ ಬಾಯಿ ನನ್ನದಲ್ಲ.
ಬೀರಪ್ಪ ಮಾಡಿಕೊಟ್ಟದ್ದು.

ಬಿ.ಕಾಂ. ಕೊನೆಯ ವರ್ಷ ಸಾಂಗ್ಲಿಯ ಕಾಲೇಜಿನಲ್ಲಿ ನಮಗೆ ಪಬ್ಲಿಕ್ ಸ್ಪೀಕಿಂಗ್ ಕ್ಲಾಸ್ ಇತ್ತು. ಯೂನಿವರ್ಸಿಟಿ ಮಾರ್ಕ್ಸ್ ಇದ್ದ ವಿಷಯ, ತಪ್ಪಿಸಿಕೊಳ್ಳುವ ಹಾಗಿಲ್ಲ.
ನಾನು ಅರಿಶಿನ ವ್ಯಾಪಾರಿಗಳ ಮನೆಯವನು. ನಮ್ಮ ಪೇಟೆಯಲ್ಲಿ ಆಗ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ, ಎರಡರ ಮೇಲೊಂದು ಟವೆಲ್. ಅದರ ಕೆಳಗೆ ಬೆರಳು ಹಿಡಿದು ದರ ತಿಳಿಸುವುದು. ಪಕ್ಕದವನಿಗೆ ಗೊತ್ತಾಗಬಾರದು.
ನಾಲ್ಕು ಜನರ ಎದುರು ಬಾಯಿ ಮುಚ್ಚಿಕೊಂಡಿರುವುದೇ ಜಾಣತನ ಅಂತ ಬೆಳೆದವನು ನಾನು.

ಮೊದಲ ದಿನ ಮೇಡಂ ಸ್ಟೇಜಿಗೆ ಕರೆದರು.
ಹತ್ತಿದೆ.
ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಜೇಬಿನ ಕರ್ಚೀಫ್ ತೆಗೆದು ಬಲಗೈ ಮೇಲೆ ಹೊದಿಸಿ, ಆ ಕೈಯನ್ನು ಮೇಡಂ ಕಡೆ ಚಾಚಿದ್ದೆ...
ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬೀರಪ್ಪ.

ಅವನದು ಉಲ್ಟಾ ಕೇಸು. ಕವಲಾಪುರದ ಕುರಿಗಾರರ ಮನೆ, ಮನೆಮಾತು ನಮ್ಮ ಹಾಗೇ ಕನ್ನಡ. ದೂರದ ಹೊಲದ ಕುರಿಗಳನ್ನು ಕರೆದು ಕರೆದು ಬೆಳೆದ ದನಿ. ಅವನು ನಮಸ್ಕಾರ ಅಂದರೆ ಕಿಟಕಿಯ ಗಾಜು ನಡುಗುತ್ತಿತ್ತು.
“ಬೀರಪ್ಪಾ, ಹಳೂ. ಪುಲಾಚ್ಯಾ ಪಲೀಕಡೆ ಐಕೂ ಜಾತಂಯ” ಅನ್ನುತ್ತಿದ್ದರು ಮೇಡಂ, ಮರಾಠಿಯಲ್ಲಿ. ಮೆಲ್ಲಗೆ, ಸೇತುವೆಯಾಚೆ ಸಾಂಗ್ಲಿವಾಡಿಗೂ ಕೇಳಿಸುತ್ತಿದೆ ಅಂತ.

ಕ್ಲಾಸ್ ಬಿಟ್ಟ ಮೇಲೆ ಹತ್ತಿರ ಬಂದ.
“ಏ ಸಾವ್ಕಾರ, ಮೇಡಮ್ಮಗ ಅರಿಷಿಣ ಮಾರಾಕ ಹೊಂಟಿದ್ದೇನ?”
“ಹೋಗೋ, ನಿನ್ನ ಕುರಿ ಕಾಯಿ.”
“ಕಾಯ್ತೇನಿ. ನಿನ್ನೂ ಅದರಾಗ ಹೊಡಕೊಂಡ ಹೋಗ್ತೇನಿ. ನಾಳೆ ಟವೆಲ್ ತಗೊಂಡ ಬಾ.”

ಕೃಷ್ಣೆಯ ಘಾಟಿನ ಮೆಟ್ಟಿಲ ಮೇಲೆ ಶುರುವಾಯಿತು ನಮ್ಮ ಪಾಠ.
ನಾನು ಮಾತಾಡುವುದು. ಟವೆಲ್ ಕೆಳಗೆ ನನ್ನ ಕೈ ಅವನ ಕೈಯಲ್ಲಿ.
ಕಿರುಬೆರಳು ಒತ್ತಿದರೆ ನಿಧಾನ.
ಹೆಬ್ಬೆರಳು ಒತ್ತಿದರೆ ಜೋರು.
ಮುಷ್ಟಿ ಮಾಡಿದರೆ ಸಾಕು, ನಿಲ್ಲಿಸು.
ಅವನ ಸರದಿ ಬಂದಾಗ ನಾನು ಮಾಡುತ್ತಿದ್ದದ್ದು ಒಂದೇ... ಅವನ ಕಿರುಬೆರಳಿಗೆ ಉಗುರು ಊರುವುದು. ಮೆಲ್ಲಕ ದೋಸ್ತಾ, ಮೆಲ್ಲಕ.

ಪರೀಕ್ಷೆಯ ದಿನ ಮುಂದಿನ ಸಾಲಿನಲ್ಲಿ, ಟವೆಲ್ ಹೊದಿಸಿದ ಕೈ ತೊಡೆಯ ಮೇಲಿಟ್ಟು ಕೂತಿದ್ದ. ಅದನ್ನೇ ನೋಡುತ್ತ ಮಾತಾಡಿದೆ. ಅವತ್ತು ಶುರು ಮಾಡಿದವನು ಇವತ್ತಿನವರೆಗೆ ನಿಲ್ಲಿಸಿಲ್ಲ.
ಮುಂದೆ ಅದೇ ಕ್ಲಾಸಿಗೆ ಅವನೇ ಸರ್ ಆದ. ಇದನ್ನು ಓದುತ್ತಿರುವ ಎಷ್ಟೋ ಜನರಿಗೆ ಹೇಗೆ ನಿಲ್ಲಬೇಕು, ಎಲ್ಲಿ ನೋಡಬೇಕು, ಯಾವಾಗ ಉಸಿರು ಬಿಡಬೇಕು ಅಂತ ಕಲಿಸಿದವನು.

ಬೀರಪ್ಪ...
ಈ ಎರಡು ಊರಲ್ಲಿ ಎಷ್ಟು ಗಂಟಲುಗಳಿದ್ದವು. ಕ್ಯಾನ್ಸರ್‌ಗೆ ನಿನ್ನದೇ ಬೇಕಾಯಿತೇನೋ?
ನಾನು ವ್ಯಾಪಾರಿ. ಹೇಗೆ ಕೂಡಿಸಿ ಕಳೆದರೂ ಇದು ತಾಳೆಯಾಗುವುದಿಲ್ಲ.
ಆಪರೇಷನ್ ಆಯಿತು. ದನಿ ಹೋಯಿತು.
ಬರೆದು ತೋರಿಸು ಅಂತ ಪಾಟಿ ಕೊಟ್ಟರು, ನೀನು ಮುಟ್ಟಲಿಲ್ಲ. ನನ್ನ ಹೆಗಲ ಮೇಲಿನ ಟವೆಲ್ ಎಳೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದೆ...
ನಾನು ಹೆದರಿಕೆಗೆ ಒಂದೇ ಸಮನೆ ಮಾತಾಡುತ್ತಿದ್ದೆ. ಜೂನಿನಲ್ಲಿ ಹೊಸ ಬ್ಯಾಚು, ನೀನೇ ಬರಬೇಕು ಅಂತ.
ನೀನು ಕಿರುಬೆರಳು ಒತ್ತುತ್ತಿದ್ದೆ. ನಿಧಾನ, ನಿಧಾನ.
ಮೊನ್ನೆ ನೀನು ನನ್ನ ಐದೂ ಬೆರಳು ಒಟ್ಟಿಗೆ ಹಿಡಿದೆ. ಬಿಡಲೇ ಇಲ್ಲ.
ಇದಕ್ಕೆ ನಾವು ಅರ್ಥ ಇಟ್ಟಿರಲಿಲ್ಲವಲ್ಲ ಬೀರಪ್ಪ.
ಏನು ಹೇಳಿದೆ?
ಯಾರನ್ನು ಕೇಳಲಿ ಈಗ...

ಮಧ್ಯಾಹ್ನ ಕವಲಾಪುರದಲ್ಲಿ ಎಲ್ಲ ಮುಗಿಯಿತು. ನಾಳೆ ಕಾಲೇಜಿನ ಹಾಲಿನಲ್ಲಿ ಶೋಕಸಭೆ. ಯಥಾಪ್ರಕಾರ ಮೈಕು ನನಗೆ.
ಹೊರಡುವಾಗ ಅವನ ಅವ್ವ ನನ್ನನ್ನು ತಡೆದು ನಿಲ್ಲಿಸಿದಳು.
“ಯಪಾ, ನನ್ನ ಮಗ ಊರಿಗೆಲ್ಲಾ ಮಾತ ಕಲಿಸ್ಯಾನಂತ. ಎಲ್ಲಾ ಮರಾಠಿನಾಗ. ಸಂತಿ ಮರಾಠಿ ನನಗ ತಿಳೀತೈತಿ, ಭಾಷಣದ್ದ ತಿಳಿಯಂಗಿಲ್ಲ. ನಾಳೆ ನೀ ನಮ್ಮ ಮಾತಿನ್ಯಾಗ ಹೇಳು, ಅಂವಾ ಏನ್ ಮಾಡ್ತಿದ್ದಾ ಅಂತ.”
“ಅವ್ವಾ, ನಾ ಕನ್ನಡದಾಗ ಎಂದೂ ಭಾಷಣ ಮಾಡಿಲ್ಲವಾ.”
“ಭಾಷಣ ಯಾಕ ಬೇಕ? ನನಗ ಹೇಳು. ಸಾಕು.”

ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ ನೋಡುತ್ತಿದ್ದೇನೆ.
ಪ್ರತಿ ಸಲ ಘಾಟಿನ ಮೆಟ್ಟಿಲ ಮಾತು ಬರುವವರೆಗೆ ಓದುತ್ತೇನೆ. ಮುಂದೆ ದನಿ ಹೊರಡುವುದಿಲ್ಲ. ಕೈ ತಾನಾಗಿ ಟವೆಲ್ ಹುಡುಕುತ್ತದೆ...
ಕ್ಲಾಸಿನ ಮೊದಲ ದಿನ ಇದ್ದಲ್ಲಿಗೇ ಬಂದು ನಿಂತಿದ್ದೇನೆ.

ನಾಳೆ ಬರುವವರಿಗೆ ಒಂದು ವಿನಂತಿ.
ನಾನು ನಡುವೆ ನಿಂತುಬಿಟ್ಟರೆ ಯಾರೂ ಚಪ್ಪಾಳೆ ತಟ್ಟಿ ಧೈರ್ಯ ಕೊಡಬೇಡಿ. ನೀರು ತರಬೇಡಿ.
ಮುಂದಿನ ಸಾಲಿನಲ್ಲಿ ಅವ್ವ ಕೂತಿರುತ್ತಾಳೆ. ಅವಳ ಪಕ್ಕ ಒಂದು ಕುರ್ಚಿ ಖಾಲಿ ಬಿಡಿ.
ಮಾತು ಬರದಿದ್ದರೆ ಇಳಿದು ಬಂದು ಅಲ್ಲಿ ಕೂರುತ್ತೇನೆ. ಅವಳ ಐದೂ ಬೆರಳು ಒಟ್ಟಿಗೆ ಹಿಡಿಯುತ್ತೇನೆ, ಅವನು ನನ್ನ ಬೆರಳು ಹಿಡಿದ ಹಾಗೆ.
ಅರ್ಥ ನನಗೆ ಗೊತ್ತಿಲ್ಲ.
ಅವಳಿಗೆ ಗೊತ್ತಿರಬಹುದು...

ಹೋಗಿ ಬಾ ಬೀರಪ್ಪ.
ಇನ್ನ ಗಂಟಲ ಬಿಚ್ಚಿ ಕೂಗಪಾ, ಅಲ್ಲಿ ಯಾರೂ ಹಳೂ ಅನ್ನಂಗಿಲ್ಲ.
ನಿನ್ನ ಜೀವ ತಂಪಾಗಿರಲಿ.