ಶಾಲೆಗೂ ಮನೆ ನೋಡುವ ಶಾಸ್ತ್ರ

ಬೆಳಗಾಗುವುದರೊಳಗೆ ಶಿವಕುಮಾರಿ ಮಾಡುವ ಕೆಲಸಗಳು ಇವು: ನಾಲ್ಕೂವರೆಗೆ ನಲ್ಲಿಯಲ್ಲಿ ನೀರು ಬಂದ ಸದ್ದಿಗೆ ಏಳುವುದು. ಡ್ರಮ್ಮು, ಎರಡು ಬಕೆಟ್ಟು, ಕುಡಿಯುವ ನೀರಿನ ಕೊಡ ತುಂಬುವುದು. ಅತ್ತೆಗೆ ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆ ಕೊಟ್ಟು, ಅರ್ಧ ಗಂಟೆ ಕಳೆದ ಮೇಲೆಯೇ ಚಹಾ ಎಂದು ದಿನವೂ ನೆನಪಿಸಿ ದಿನವೂ ಬೈಸಿಕೊಳ್ಳುವುದು. ಎಂಟು ಜೋಳದ ರೊಟ್ಟಿ ಬಡಿಯುವುದು. ಮನೆಗೆಲ್ಲ ಒಂದು ಪಲ್ಯ, ಬದನೆಕಾಯಿ ಕಂಡರೆ ಕಣ್ಣು ಮುಚ್ಚುವ ಮಗಳ ಡಬ್ಬಿಗೆ ಇನ್ನೊಂದು. ಗಂಡನ ಅಂಗಿಗೆ ಇಸ್ತ್ರಿ. ಮಗಳ ಒಂದು ಬೂಟನ್ನು ಸೋಫಾದ ಕೆಳಗಿಂದ ಎಳೆದು ತೆಗೆಯುವುದು. ಇನ್ನೊಂದು ಬೂಟು ಯಾವಾಗಲೂ ಅದರ ಜಾಗದಲ್ಲೇ ಇರುತ್ತದೆ. ಇದರ ಕಾರಣ ಆ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಕೊನೆಗೆ ಸಿರಿಂಜು, ಹತ್ತಿ, ಹೆಸರು ಅಂಟಿಸಿದ ಟ್ಯೂಬುಗಳನ್ನು ಐಸ್‌ಬಾಕ್ಸಿಗೆ ಜೋಡಿಸಿ, ಆರು ಹತ್ತಕ್ಕೆ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುವುದು.

ಇಷ್ಟರಲ್ಲಿ ಸಂಬಳ ಬರುವುದು ಆ ಕೊನೆಯದಕ್ಕೆ ಮಾತ್ರ.

ವಿಜಯಪುರದಿಂದ ಮದುವೆಯಾಗಿ ಮುಂಬೈಯ ದಹಿಸರಿನ ಈ ಎರಡನೇ ಮಹಡಿಯ ಮನೆಗೆ ಬಂದು ಅವಳಿಗೆ ಹನ್ನೆರಡು ವರ್ಷ. ಕಾಂದಿವಲಿಯ ಒಂದು ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವುದು ಕೆಲಸ. ರಾತ್ರಿಯಿಂದ ಉಪವಾಸವಿದ್ದು, ಚಹಾ ಇಲ್ಲದೆ ಜಗತ್ತಿನ ಮೇಲೆಯೇ ಸಿಟ್ಟಾಗಿರುವ ಮುದುಕರ ಕೈ ಹಿಡಿದು ಸೂಜಿ ಚುಚ್ಚುತ್ತಾಳೆ. ಅವರು ಕಣ್ಣು ಬಿಟ್ಟು, "ಲಗಾ ದಿಯಾ ಕ್ಯಾ, ಬೇಟಾ?" ಎನ್ನುತ್ತಾರೆ. ಚುಚ್ಚಿದ್ದೇ ಗೊತ್ತಾಗದಷ್ಟು ಹಗುರ ಕೈ.

ಗಂಡ ನವೀನನದು ಪಂಪು ತಯಾರಿಸುವ ಕಂಪನಿಯಲ್ಲಿ ಕೆಲಸ. ಈ ವರ್ಷ ಕಂಪನಿ ಅವನನ್ನು ನಾಲ್ಕು ವರ್ಷಕ್ಕೆ ಮಸ್ಕತ್‌ಗೆ ಕಳಿಸಲು ನಿರ್ಧರಿಸಿತು. ಹೆಂಡತಿ, ಮಗಳು ಜೊತೆಗೆ ಹೋಗಬಹುದು. ಅತ್ತೆ ರುದ್ರವ್ವ ಸಾಯನ್‌ನಲ್ಲಿರುವ ಮಗಳ ಮನೆಗೆ ಹೋಗುವುದೆಂದೂ, ಅಲ್ಲಿಯ ಅಡುಗೆಯನ್ನು ದಿನವೂ ಫೋನಿನಲ್ಲಿ ದೂರುವುದೆಂದೂ ತೀರ್ಮಾನವಾಯಿತು.

ಎಂಟು ವರ್ಷದ ಲಾವಣ್ಯಾಳಿಗೆ ಶಾಲೆ ಹುಡುಕುವ ಕೆಲಸವನ್ನು ನವೀನ ತಾನೇ ಕೈಗೆತ್ತಿಕೊಂಡ. ಬ್ರಿಟಿಷ್ ಪಠ್ಯಕ್ರಮವಿರಬೇಕು, ಚಿಕ್ಕ ಶಾಲೆಯಾಗಿರಬೇಕು, ಸಂಜೆಗೆ ಮಗು ಮನೆಯಲ್ಲಿರಬೇಕು. ಎರಡು ತಿಂಗಳು ಸೋಫಾದ ಮೇಲೆ ಕುಳಿತು, ಚಹಾ ತರಿಸಿಕೊಳ್ಳುತ್ತ, ಹದಿನಾರು ಕಾಲಮ್ಮಿನ ಎಕ್ಸೆಲ್ ಶೀಟು ಮಾಡಿದ. ಪರೀಕ್ಷೆಯ ಫಲಿತಾಂಶ, ಇಂಗ್ಲೆಂಡಿನ ಶಿಕ್ಷಕರೆಷ್ಟು, ಈಜುಕೊಳ, ಕೊನೆಗೆ ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎನ್ನುವುದಕ್ಕೂ ಒಂದು ಕಾಲಂ.

ಹದಿನೇಳನೆಯದೊಂದು ಬೇಕಾಗಿತ್ತೆಂದು ಶಿವಕುಮಾರಿಗೆ ಅನಿಸಿತ್ತು. ಮಸ್ಕತ್ತಿನ ಒಂದು ಕ್ಲಿನಿಕ್ಕಿನವರು ವಿಡಿಯೊದಲ್ಲಿ ಮಾತಾಡಿ, ಅವಳ ಕಾಗದಪತ್ರ ನೋಡಿ, ಲ್ಯಾಬಿನ ಕೆಲಸ ಕೊಡುತ್ತೇವೆ ಎಂದಿದ್ದರು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರು. ಷರತ್ತು ಒಂದೇ, ಆ ಹೊತ್ತಿನ ನಡುವೆ ಎದ್ದು ಹೊರಗೆ ಹೋಗುವಂತಿಲ್ಲ. ಶುಕ್ರವಾರದೊಳಗೆ ಹೌದು ಅಥವಾ ಇಲ್ಲ ಹೇಳಬೇಕಿತ್ತು.

ಹದಿನಾರು ಕಾಲಂ ಸೋಸಿದಾಗ ಎರಡು ಶಾಲೆ ಉಳಿದವು. ಒಂದಕ್ಕೆ ಗೋಡೆಯ ತುಂಬ ಕಾಗದದ ಹೂವಿನ ಬಳ್ಳಿ, ಸಮುದ್ರದ ಕಡೆ ಕಿಟಕಿ. ಇನ್ನೊಂದು ಗೋದಾಮುಗಳ ನಡುವೆ ನಿಂತ ಬೂದು ಬಣ್ಣದ ಕಟ್ಟಡ. ಎರಡರಲ್ಲೂ ಪುಸ್ತಕಗಳು ಅವೇ, ಪರೀಕ್ಷೆಯೂ ಅದೇ. ಲಾವಣ್ಯಾ ಅವಕ್ಕೆ ತೋಟದ ಶಾಲೆ, ಗೋದಾಮು ಶಾಲೆ ಎಂದು ಹೆಸರಿಟ್ಟಳು.

ತೋಟದ ಶಾಲೆಯವರು ಭಾನುವಾರ ಲ್ಯಾಪ್‌ಟಾಪಿನಲ್ಲಿ ಕುಟುಂಬದ ಜೊತೆ ಮಾತಾಡುತ್ತೇವೆ ಎಂದರು. ಅಲ್ಲಿ ಭಾನುವಾರ ಶಾಲೆ ನಡೆಯುತ್ತದೆ. ಸುದ್ದಿ ಕೇಳಿ ರುದ್ರವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದರು.

"ಹುಡುಗಿ ನೋಡಾಕ ಬರ್ತಾರ ಅಂದ್ರ ಶಿರಾ, ಉಪ್ಪಿಟ್ಟು ಆಗಬೇಕು."

"ಅವ್ವಾ, ಅವರು ಲ್ಯಾಪ್‌ಟಾಪಿನ್ಯಾಗ ಬರ್ತಾರ. ತಿನ್ನೋರು ಯಾರು?" ಎಂದ ನವೀನ.

"ನೀ ಇದ್ದೀಯಲ್ಲೋ. ಯಾರ ಮನಿ ಕಾರ್ಯಾ ಇದ್ರೂ ತಿನ್ನೋನು ನೀನೇ."

ಶಿರಾಕ್ಕೆ ರವೆ ಹುರಿದವಳು ಯಾರೆಂದು ಬೇರೆ ಹೇಳಬೇಕಿಲ್ಲ. ಲಾವಣ್ಯಾಳಿಗೆ ರೇಷ್ಮೆ ಲಂಗ ಉಡಿಸಿ ಮಣೆಯ ಮೇಲೆ ಕೂರಿಸಲಾಯಿತು.

"ಅಜ್ಜೀ, ಮೇರೀ ಶಾದೀ ಹೈ ಕ್ಯಾ?"

"ಸುಮ್ನ ಕೂಡು. ನಾಕು ವರ್ಷ ಅವರ ಕೈಯಾಗ ಇರಾಕಿ ನೀನು."

ಪರದೆಯ ಮೇಲೆ ಬಂದ ಮುಖ್ಯೋಪಾಧ್ಯಾಯಿನಿ ಬೆಳ್ಳಿಕೂದಲಿನ, ನಗುಮುಖದ ಇಂಗ್ಲಿಷ್ ಹೆಂಗಸು. ನಾಲ್ಕು ಪ್ರಶ್ನೆ ಕೇಳಿದರು. ಲಾವಣ್ಯಾ ಒಂದು ಪದ್ಯ ಹೇಳಿದಳು. ಮಗು ಬಹಳ ಚೂಟಿ, ನಮಗೆ ಸಂತೋಷ ಎಂದರು ಅವರು. ನವೀನ ಥ್ಯಾಂಕ್ಯೂ ಹೇಳಿ ಮುಚ್ಚಲು ಹೊರಟಾಗ ರುದ್ರವ್ವ ಅವನ ಕೈ ಹಿಡಿದರು.

"ತಡಿಯೋ. ಅವರು ಹುಡುಗಿ ನೋಡಿದ್ರು. ನಾವು ಮನಿ ನೋಡೋದು ಬ್ಯಾಡೇನು? ಅಡಗಿ ಮನಿ ತೋರಸ್ರಿ ಅಂತ ಹೇಳು."

ಅವರ ಊರ ಕಡೆಯ ಪದ್ಧತಿ ಅದು. ಗಂಡಿನವರು ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಮನೆ ನೋಡಲು ಹೋಗಬೇಕು. ಗಂಡಸರು ಪಡಸಾಲೆಯಲ್ಲಿ ಹೊಲ, ನೌಕರಿ ಎಂದು ಮಾತಾಡುತ್ತ ಕೂರುತ್ತಾರೆ. ಹೆಂಗಸರು ನೆಟ್ಟಗೆ ಅಡುಗೆಮನೆಗೆ ನಡೆಯುತ್ತಾರೆ. ನೀರು ಎಲ್ಲಿಂದ ತರಬೇಕು, ದಿನಕ್ಕೆ ಎಷ್ಟು ರೊಟ್ಟಿ, ಬಡಿಯುವ ಕೈಗಳು ಎಷ್ಟು ಎಂದು ನೋಡಿ ಬರುತ್ತಾರೆ.

ನವೀನ ಕಿವಿ ಕೆಂಪಾಗಿ, "ಮೈ ಮದರ್ ವಾಂಟ್ಸ್ ಟು ಸೀ ದ ಕಿಚನ್" ಎಂದ. ಮುಖ್ಯೋಪಾಧ್ಯಾಯಿನಿ ಉತ್ಸಾಹದಿಂದ ಎದ್ದು ಲ್ಯಾಪ್‌ಟಾಪ್ ಹಿಡಿದು ನಡೆದರು. ಹೂಗಳು ಕಂಡವು, ಓದುವ ಕೋಣೆ ಕಂಡಿತು, ಸಮುದ್ರ ಕಂಡಿತು. ಆಮೇಲೆ ಮರದ ಕೆಳಗೆ ಉದ್ದನೆಯ ಮೇಜು. ನಮ್ಮಲ್ಲಿ ಅಡುಗೆಮನೆ ಇಲ್ಲ, ಬಸ್ಸೂ ಇಲ್ಲ ಎಂದರು ಅವರು. ಹನ್ನೆರಡೂವರೆಗೆ ಅಮ್ಮಂದಿರೇ ಬಿಸಿ ಊಟ ತರುತ್ತಾರೆ, ಮಕ್ಕಳ ಜೊತೆ ಕೂರುತ್ತಾರೆ, ಮಂಗಳವಾರ ಕಥೆ ಓದುತ್ತಾರೆ, ನಾಟಕದ ಬಟ್ಟೆ ಹೊಲಿಯುತ್ತಾರೆ. ನಮ್ಮದು ಚಿಕ್ಕ ಶಾಲೆ ನೋಡಿ, ಒಂದು ಕುಟುಂಬದ ಹಾಗೆ.

ಕುಟುಂಬ ಎಂಬ ಮಾತು ಬಿದ್ದ ಕೂಡಲೇ ಶಿವಕುಮಾರಿಯ ಕೈ ತಾನಾಗಿಯೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿತು. ಹನ್ನೆರಡು ವರ್ಷದ ಅಭ್ಯಾಸ.

"ಮಮ್ಮಿ ರೋಜ್ ಸ್ಕೂಲಿಗೆ ಬರ್ತಾಳಾ?" ಮಣೆಯ ಮೇಲಿಂದ ಲಾವಣ್ಯಾ ಗಾಬರಿಯಾಗಿ ಕೇಳಿದಳು. "ನಹೀ ಚಲೇಗಾ!"

ಲ್ಯಾಪ್‌ಟಾಪ್ ಮುಚ್ಚಿದ ನವೀನ ಶಿರಾಕ್ಕೆ ಕೈ ಹಾಕಿ, "ಏನ್ ಸ್ಕೂಲು! ಫೈನಲ್" ಎಂದ.

"ಮಧ್ಯಾಹ್ನ ಊಟಾ ಯಾರು ಒಯ್ಯೋರು?" ಕೇಳಿದಳು ಶಿವಕುಮಾರಿ.

"ನೀ ಇರ್ತೀಯಲ್ಲ?"

"ಎಂಟರಿಂದ ಮೂರು ನಾ ಲ್ಯಾಬಿನ್ಯಾಗ ಇರ್ತೀನ್ರಿ."

"ಹಾಂ, ಅದು... ಅದು ಇನ್ನೂ ಪಕ್ಕಾ ಎಲ್ಲಿ ಆಗೇದ? ಮೊದಲ ಕೂಸಿಂದು ಸೆಟ್ ಆಗ್ಲಿ. ನಿಂದು ಆಮ್ಯಾಲ ನೋಡೋಣು."

"ಗೋದಾಮಿನದು ಒಮ್ಮೆ ವಿಚಾರಸೋಣೇನ್ರಿ?"

"ಅದರ ಫೋಟೋ ನೋಡೀಯಿಲ್ಲೋ? ಗ್ಯಾರೇಜ್ ಇದ್ದಂಗದ."

ರುದ್ರವ್ವ ಉಪ್ಪಿಟ್ಟಿನಲ್ಲಿದ್ದ ಒಣಮೆಣಸಿನಕಾಯಿ ಬದಿಗಿಡುತ್ತ ಯಾರಿಗೂ ಹೇಳದವರಂತೆ ಹೇಳಿದರು: "ನನ್ನ ಮದುವಿಗೆ ಮನಿ ನೋಡಾಕ ಬರೇ ಗಂಡಸರು ಹೋಗಿದ್ರು. ಭಾಳ ಚಲೋ ಮನಿ, ಬಾಗಲಕ್ಕ ಕೆತ್ತನಿ ಅದ ಅಂತ ಬಂದು ಹೇಳಿದ್ರು. ಬಾವಿ ಅರ್ಧ ಮೈಲಿ ದೂರ ಅದ ಅಂತ ಒಬ್ಬರೂ ಹೇಳಲಿಲ್ಲ."

"ಅವ್ವಾ, ಈಗ ಬಾವಿ ಎಲ್ಲಿಂದ ಬಂತು?"

"ಎಲ್ಲೂ ಹೋಗಿಲ್ಲೋ ಅದು. ಇನ್ನೊಂದು ಸೌಟು ಶಿರಾ ಹಾಕ್ಕೋ."

ಮರುದಿನ ಕೊನೆಯ ಮನೆಯ ರಕ್ತ ತೆಗೆದು, ಅದೇ ಕಟ್ಟಡದ ಮೆಟ್ಟಿಲ ಮೇಲೆ ಐಸ್‌ಬಾಕ್ಸು ಪಕ್ಕಕ್ಕಿಟ್ಟುಕೊಂಡು ಶಿವಕುಮಾರಿ ಗೋದಾಮು ಶಾಲೆಗೆ ಫೋನು ಮಾಡಿದಳು. ಇಂಗ್ಲಿಷಿನಲ್ಲಿ ತಡವರಿಸುತ್ತ ಹೆಸರು, ಊರು ಹೇಳುವಷ್ಟರಲ್ಲಿ ಆ ಕಡೆಯ ಹೆಂಗಸು ನಕ್ಕಳು.

"ಕನ್ನಡದಲ್ಲೇ ಹೇಳಿ ಮಾರಾಯ್ರೆ. ನಾನು ವಾರಿಜಾ, ಉಡುಪಿಯವಳು. ಇಲ್ಲಿ ಆಫೀಸಲ್ಲಿ ಒಂಬತ್ತು ವರ್ಷ ಆಯ್ತು."

"ನಿಮ್ಮ ಶಾಲ್ಯಾಗ ಅಡಗಿ ಮನಿ ಅದ ಏನ್ರಿ?"

"ಉಂಟು. ಎಲ್ಲರೂ ಈಜುಕೊಳ ಕೇಳ್ತಾರೆ, ಅಡುಗೆಮನೆ ಕೇಳಿದ್ದು ನೀವೇ ಮೊದಲು. ಇಬ್ಬರು ಅಡುಗೆಯವರು ಇದ್ದಾರೆ. ಬಿಸಿ ಊಟ, ಬೇಕಾದರೆ ಬರೀ ಸಸ್ಯಾಹಾರ. ರುಚಿ ಮಾತ್ರ ಕೇಳಬೇಡಿ."

"ಬಸ್ಸು?"

"ಏಳೂ ಹತ್ತಕ್ಕೆ ಮನೆ ಬಾಗಿಲಿಗೆ. ಸಂಜೆ ನಾಲ್ಕಕ್ಕೆ ವಾಪಸ್."

"ಪಾಠ ಹ್ಯಾಂಗ್ರಿ? ಖರೇ ಹೇಳ್ರಿ."

"ಕ್ಲಾಸಿಗೆ ಹದಿನಾಲ್ಕು ಮಕ್ಕಳು. ಟೀಚರ್‌ಗಳು ಬಿಟ್ಟು ಹೋಗುವುದಿಲ್ಲ, ನನ್ನ ಹಾಗೆ. ನನ್ನ ಮಗಳೂ ಇಲ್ಲೇ ಓದಿದ್ದು. ಕಟ್ಟಡ ಒಂದು ಚಂದ ಇಲ್ಲ, ಅದಕ್ಕೆ ನಾನು ಏನು ಮಾಡಲಿ?"

"ತಾಯಂದ್ರು ಬರಬೇಕಾಗ್ತದೇನ್ರಿ?"

"ಯಾಕೆ? ವರ್ಷಕ್ಕೆ ಮೂರು ಸಲ ಮಾತಾಡ್ಲಿಕ್ಕೆ ಕರೀತೇವೆ. ಅಪ್ಪ ಬಂದರೂ ಆಗ್ತದೆ."

ಅಪ್ಪ ಬಂದರೂ ಆಗ್ತದೆ. ಶಿವಕುಮಾರಿ ಮತ್ತೊಮ್ಮೆ ಹೇಳಿಸಿಕೊಳ್ಳಬೇಕೆಂದಿದ್ದಳು, ಸಂಕೋಚವಾಗಿ ಬಿಟ್ಟಳು.

ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಕೇಳಿದ್ದನ್ನೆಲ್ಲ ನವೀನನಿಗೆ ಹೇಳಿದಳು. ಅವನು ಹೂಂ, ಹೂಂ ಎಂದ. ಬುಧವಾರ ಕೆಲಸ ಹಸ್ತಾಂತರಿಸಲು ಎರಡು ದಿನಕ್ಕೆಂದು ಪುಣೆಗೆ ಹೊರಟವನು ಬೂಟು ಹಾಕಿಕೊಳ್ಳುತ್ತ ನೆನಪಿಸಿಕೊಂಡ.

"ಸ್ಕೂಲಿನ ಫಾರ್ಮ್ ನಾಳೆ ಲಾಸ್ಟ್. ನೀನೇ ತುಂಬಿ ಕಳಸಿಬಿಡು. ಲಸಿಕಿ ಕಾರ್ಡು, ಫೋಟೋ-ಗೀಟೋ ಎಲ್ಲಾ ನಿನಗೇ ಗೊತ್ತು ಎಲ್ಲೆಲ್ಲಿ ಅದಾವ ಅಂತ."

"ಯಾವ ಸ್ಕೂಲಿಂದು?"

"ಎಷ್ಟು ಸಲ ಹೇಳೋದು? ನೋಡಿ ಮಾಡು. ಟ್ರೇನ್ ಹೋಗ್ತದ ನಂದು."

ಗುರುವಾರ ನಾಲ್ಕೂವರೆಗೆ ನೀರು ಬಂತು. ಶಿವಕುಮಾರಿ ಡ್ರಮ್ಮಿಗೆ ಪೈಪು ಹಾಕಿ, ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಒಳಗೆ ರುದ್ರವ್ವನ ಗೊರಕೆ, ಲಾವಣ್ಯಾಳ ಸಣ್ಣ ಗೊರಕೆ. ಮೊದಲು ನವೀನನ ಎಕ್ಸೆಲ್ ತೆರೆದಳು. ಹದಿನೇಳನೆಯ ಕಾಲಮ್ಮಿಗೆ ‘ಮಧ್ಯಾಹ್ನದ ಊಟ ಯಾರು’ ಎಂದು ತಲೆಬರಹ ಕೊಟ್ಟಳು. ತೋಟದ ಶಾಲೆಯ ಎದುರು ‘ಶಿವಕುಮಾರಿ’ ಎಂದೂ ಗೋದಾಮಿನ ಎದುರು ‘ಅಡುಗೆಯವರು’ ಎಂದೂ ಬರೆದು, ಅವನಂತೆಯೇ ಕೆಂಪು, ಹಸಿರು ಬಣ್ಣ ತುಂಬಿ ಪುಣೆಗೆ ಕಳಿಸಿದಳು. ಅವನು ಏಳುವುದು ಏಳಕ್ಕೆ.

ಆಮೇಲೆ ಗೋದಾಮು ಶಾಲೆಯ ಫಾರ್ಮು ತೆರೆದಳು. ಲಸಿಕೆ ಕಾರ್ಡು ಅಕ್ಕಿ ಡಬ್ಬಿಯ ಹಿಂದಿನ ಫೈಲಿನಲ್ಲಿತ್ತು. ರಕ್ತದ ಗುಂಪು ನೋಡಬೇಕಾಗಿರಲಿಲ್ಲ, ಪರೀಕ್ಷೆಗೆ ರಕ್ತ ತೆಗೆದವಳು ಅವಳೇ. ಮೂರನೇ ಪುಟದಲ್ಲಿ ಒಂದು ಪ್ರಶ್ನೆ ಬಂತು. ಮಗುವಿಗೆ ಹುಷಾರು ತಪ್ಪಿದರೆ ಮೊದಲು ಯಾರಿಗೆ ಫೋನು ಮಾಡಬೇಕು? ಬೆರಳು ಅಭ್ಯಾಸಬಲದಿಂದ ಅವಳದೇ ನಂಬರಿನ ನಾಲ್ಕು ಅಂಕಿ ಒತ್ತಿಬಿಟ್ಟಿತು.

ಡ್ರಮ್ಮು ತುಂಬಿ ತುಳುಕಲು ಶುರುವಾಯಿತು. ನೀರು ಅವಳ ಕಾಲ ಕೆಳಗೆ ಹರಿದು ಬಂತು. ಶಿವಕುಮಾರಿ ಏಳಲಿಲ್ಲ. ನಾಲ್ಕೂ ಅಂಕಿ ಅಳಿಸಿದಳು. ನವೀನನ ನಂಬರನ್ನು ಹತ್ತೂ ಅಂಕಿ ಸರಿಯಾಗಿ ಬರೆದು, ಒಮ್ಮೆ ಓದಿ ನೋಡಿ, ಕಳಿಸು ಎನ್ನುವುದನ್ನು ಒತ್ತಿದಳು.